ಬೆನ್ನು, ಮಿದುಳಿನ ಆಪರೇಷನ್: ನ್ಯೂರೋಸರ್ಜನ್ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಈ ವಾರ ನಮ್ಮ ಜೊತೆ ಒಬ್ಬರು ನ್ಯೂರೋಸರ್ಜನ್ ಇದ್ದಾರೆ. ಹೆಸರು ಬೇಡ, ಊರು ಹಾಕಿ ಪ್ರಶ್ನೆ ಕೇಳಿ.

ಹುಬ್ಬಳ್ಳಿ: ನಮಸ್ಕಾರ ಮೇಡಂ. ಸೊಂಟದ ಎಲ್4-ಎಲ್5 ಡಿಸ್ಕ್ ಜಾರಿದೆ, ಎರಡು ತಿಂಗಳಿಂದ ಎಡಗಾಲು ಸೆಳೆತ. ಆಪರೇಷನ್ನಿಗೆ ಒಬ್ಬ ಡಾಕ್ಟರು ಮೈಕ್ರೋಸ್ಕೋಪ್ ಅಂತಾರೆ, ಇನ್ನೊಬ್ಬರು ಎಂಡೋಸ್ಕೋಪ್ ಅಂತಾರೆ. ಯಾವುದು ಒಳ್ಳೆಯದು?

ಡಾಕ್ಟರ್: ಕಾಲುನೋವು ಹೋಗುವ ವಿಷಯದಲ್ಲಿ ವರ್ಷ ಕಳೆಯುವ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಮೈಕ್ರೋಸ್ಕೋಪಿಗೆ ಎರಡು ಮೂರು ಸೆಂಟಿಮೀಟರ್ ಗಾಯ, ಎಂಡೋಸ್ಕೋಪಿಗೆ ಸುಮಾರು ಒಂದು. ಎಂಡೋಸ್ಕೋಪ್ ಕೈಗೆ ಒಗ್ಗಲು ಜಾಸ್ತಿ ಸಮಯ ಬೇಕು. ಕೈ ಪಳಗದಿದ್ದರೆ ಡಿಸ್ಕಿನ ಚೂರು ಒಳಗೇ ಉಳಿಯಬಹುದು. ನಿಮ್ಮ ಡಾಕ್ಟರು ವಾರ ವಾರ ಯಾವುದನ್ನು ಮಾಡುತ್ತಾರೋ ಅದನ್ನೇ ಮಾಡಿಸಿ.
ಅದಕ್ಕೂ ಮೊದಲು ಆಪರೇಷನ್ ಬೇಕಾ ಅಂತ ನೋಡಿ. 2007ರಲ್ಲಿ ನೆದರ್‌ಲೆಂಡ್ಸಿನ 283 ರೋಗಿಗಳ ಅಧ್ಯಯನ ಬಂತು. ಕೆಲವರಿಗೆ ಬೇಗ ಆಪರೇಷನ್, ಉಳಿದವರಿಗೆ ಮಾತ್ರೆ ಕೊಟ್ಟು ಕಾದರು. ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ವರ್ಷದ ಕೊನೆಗೆ ಎರಡೂ ಕಡೆ 100ಕ್ಕೆ 95 ಜನ ಚೇತರಿಸಿಕೊಂಡಿದ್ದರು. ಕಾದವರಲ್ಲಿ 100ಕ್ಕೆ 39 ಜನ ನಡುವೆ ಆಪರೇಷನ್ ಮಾಡಿಸಿಕೊಂಡರು, ಅದೂ ನಿಜ. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಪಾದ ಎತ್ತಲು ಆಗದಿದ್ದರೆ ಕಾಯಬೇಡಿ.

ಮೈಸೂರು: ಮೇಡಂ, ಲೇಸರ್ ಬೆಸ್ಟಾ?

ಡಾಕ್ಟರ್: ಉಬ್ಬಿದ ಸಣ್ಣ ಡಿಸ್ಕಿಗೆ ಕೆಲವರು ಮಾಡುತ್ತಾರೆ. ಹೊರಗೆ ಬಿದ್ದ ಚೂರಿಗೆ ಉಪಯೋಗವಿಲ್ಲ.

ತೀರ್ಥಹಳ್ಳಿ: ನಮ್ಮ ಯಜಮಾನರಿಗೆ 41. ಅಡಿಕೆ ಮೂಟೆ ಎತ್ತಿದ ಮೇಲೆ ಹತ್ತು ದಿನದಿಂದ ಎರಡೂ ಕಾಲಿಗೆ ಸೆಳೆತ ಇತ್ತು. ನಿನ್ನೆ ರಾತ್ರಿಯಿಂದ ನೋವು ತುಂಬಾ ಕಡಿಮೆ. ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿಲ್ಲ, ನೀರು ಕಡಿಮೆ ಕುಡಿದಿದ್ದಾರೆ ಅನ್ಕೊಂಡೆ. ಇನ್ನೂ ಎರಡು ವಾರ ರೆಸ್ಟ್ ಸಾಕಾ?

ದಾವಣಗೆರೆ: ಅಕ್ಕಾ, ನೋವು ಇಳಿದಿದೆ ಅಂದ್ರೆ ಡಿಸ್ಕ್ ಒಳಗೆ ಹೋಗಿದೆ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕಾಯಿಸಿ, ಸೊಂಟಕ್ಕೆ ಕಟ್ಟಿ. ಮಕ್ಕಳ ಕೈಲಿ ಬೆನ್ನು ತುಳಿಸಿ. ಗ್ರೂಪಲ್ಲಿ ಬಂದಿತ್ತು, ಫಾರ್ವರ್ಡ್ ಮಾಡ್ತೀನಿ.

ಡಾಕ್ಟರ್: ತೀರ್ಥಹಳ್ಳಿ ಅಮ್ಮ, ಈಗಲೇ ಕೇಳಿ ಹೇಳಿ. ಕೂತಾಗ ಕುರ್ಚಿ ತಾಗುವ ಜಾಗ, ತೊಡೆಯ ಒಳಭಾಗ, ಗುದದ ಸುತ್ತ ಜೋಮು ಇದೆಯಾ? ಒರೆಸಿಕೊಂಡರೆ ಗೊತ್ತಾಗುತ್ತಾ?

ತೀರ್ಥಹಳ್ಳಿ: ಕೇಳಿದೆ. ದಿಂಬಿನ ಮೇಲೆ ಕೂತ ಹಾಗೆ ಅನಿಸುತ್ತದಂತೆ. ನಾಚಿಕೆಗೆ ಹೇಳಿರಲಿಲ್ಲ.

ಡಾಕ್ಟರ್: ರೆಸ್ಟ್ ಬೇಡ, ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ನೇರ ಶಿವಮೊಗ್ಗ.
ಯಾಕೆ ಅಂದರೆ, ಸೊಂಟದ ಹತ್ತಿರ ಬೆನ್ನುಮೂಳೆಯೊಳಗೆ ನರಗಳು ಕುದುರೆ ಬಾಲದ ಕೂದಲಿನ ಹಾಗೆ ಕಟ್ಟಾಗಿ ಇಳಿಯುತ್ತವೆ, ಆ ಕಟ್ಟಿಗೇ ಕಾಡಾ ಇಕ್ವೈನಾ ಅನ್ನುತ್ತೇವೆ. ಮೂತ್ರ, ಮಲ, ಲೈಂಗಿಕ ಶಕ್ತಿ, ಆ ಜಾಗದ ಸ್ಪರ್ಶ ಎಲ್ಲ ಅದರಲ್ಲೇ. ಡಿಸ್ಕಿನ ದೊಡ್ಡ ತುಂಡು ಇಡೀ ಕಟ್ಟನ್ನು ಅದುಮಿರುವ ಸಾಧ್ಯತೆ ಇದೆ. ನೋವು ಇಳಿದದ್ದು ವಾಸಿಯಾಗಿ ಅಲ್ಲದೇ ಇರಬಹುದು. ನೋವು ಹೇಳುವ ನರವೇ ಸುಮ್ಮನಾದರೂ ನೋವು ಇಳಿಯುತ್ತದೆ.
ಎಮರ್ಜೆನ್ಸಿಯಲ್ಲಿ ಬರೀ ಬೆನ್ನುನೋವು ಅನ್ನಬೇಡಿ. "ಮೂತ್ರ ನಿಂತಿದೆ, ಕೂರುವ ಜಾಗ ಜೋಮು, ಕಾಡಾ ಇಕ್ವೈನಾ ಇರಬಹುದು" ಅನ್ನಿ. ಇವತ್ತೇ ಎಂಆರ್‌ಐ ಆಗಬೇಕು. ಏನೂ ತಿನ್ನಿಸಬೇಡಿ, ರಾತ್ರಿಯೇ ಆಪರೇಷನ್ ಆಗಬಹುದು. 48 ಗಂಟೆಯೊಳಗೆ ಅನ್ನುತ್ತೇವೆ, ಅದು ಗಡುವು ಮಾತ್ರ. ಬೇಗ ಆದಷ್ಟೂ ಒಳ್ಳೆಯದು. ಇಂಥ ಕೇಸಿನಲ್ಲಿ ಹಿಂದಿನ ಮೂಳೆಯನ್ನು ಅಗಲವಾಗಿ ತೆಗೆದು ತುಂಡು ಹೊರತೆಗೆಯುವುದೇ ನಂಬಿಕೆಯ ದಾರಿ. ಸಣ್ಣ ಗಾಯ ಕೇಳಿ ತಡಮಾಡಬೇಡಿ.
ದಾವಣಗೆರೆಯವರೇ, ಜೋಮು ಹಿಡಿದ ಚರ್ಮಕ್ಕೆ ಕಾದ ಎಲೆ ಕಟ್ಟಿದರೆ ಸುಟ್ಟು ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಬೆನ್ನು ತುಳಿಸಿದರೆ ಉಳಿದ ನರವೂ ಹೋಗಬಹುದು. ಡಿಲೀಟ್ ಮಾಡಿ.

ದಾವಣಗೆರೆ: ಒಳ್ಳೇದಕ್ಕೇ ಹೇಳಿದ್ದು ಮೇಡಂ. ನಮ್ಮ ಮಾವ ಆಪರೇಷನ್ ಮಾಡಿಸಿಯೇ ಹಾಸಿಗೆ ಹಿಡಿದರು.

ಮಂಡ್ಯ: ಏನು ಆಪರೇಷನ್, ಯಾವಾಗ ಮಾಡಿಸಿದ್ರು, ಅದು ಹೇಳಿ. ನಂದೂ ಆಗಿ ನಾಲ್ಕು ವರ್ಷ. ಟ್ರ್ಯಾಕ್ಟರ್ ಓಡಿಸ್ತೀನಿ.

ದಾವಣಗೆರೆ: ನಿಮಗೆ ಅದೃಷ್ಟ. ಎಲ್ಲರಿಗೂ ಹಾಗಾಗಲ್ಲ.

ಮಂಡ್ಯ: ಅದೃಷ್ಟ ಅಲ್ಲ ಸ್ವಾಮಿ, ಕಾಲು ಬೀಳೋಕೆ ಮುಂಚೆ ಹೋದೆ. ನಿಮ್ಮಂಥವರ ಮಾತು ಕೇಳಿ ನಮ್ಮಣ್ಣ ಆರು ತಿಂಗಳು ತೈಲ ಹಚ್ಚಿಕೊಂಡು ಕೂತ. ಅವನ ಪಾದ ಇವತ್ತಿಗೂ ಎಳೆಯುತ್ತೆ.

ದಾವಣಗೆರೆ: ಮಾತು ಹಿಡಿತದಲ್ಲಿರಲಿ.

ಧಾರವಾಡ: ಇಬ್ಬರೂ ಬೇರೆ ಕಡೆ ಜಗಳ ಆಡ್ರಿ. ಮೇಡಂ, ಕುತ್ತಿಗೆ ಡಿಸ್ಕಿಗೆ ಪ್ಲೇಟ್ ಹಾಕಿದರೆ ವಿಮಾನದಲ್ಲಿ ಹೋಗಬಹುದಾ?

ಡಾಕ್ಟರ್: ದಾವಣಗೆರೆಯವರ ಭಯ ಸುಳ್ಳಲ್ಲ. ಸೋಂಕು ಆಗಬಹುದು. ನರದ ಸುತ್ತಲಿನ ಪೊರೆ ಹರಿದು ನೀರು ಸೋರಬಹುದು. ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಜಾರುವುದು 100ಕ್ಕೆ 5ರಿಂದ 15 ಜನಕ್ಕೆ. ಇದನ್ನು ಮೊದಲೇ ಹೇಳದ ಡಾಕ್ಟರನ್ನು ನೀವೇ ಕೇಳಿ. ಆದರೆ ಅಪಾಯ ಇದೆ ಅಂತ ಮೂತ್ರ ನಿಂತವರನ್ನು ಮನೆಯಲ್ಲಿ ಕೂರಿಸಬೇಡಿ.

ಕುಂದಾಪುರ: ಅಪ್ಪನಿಗೆ 74. ಬಾತ್‌ರೂಮಿನಲ್ಲಿ ತಲೆ ತಾಗಿ ಆರು ವಾರ ಆಯಿತು. ಆಗ ಏನೂ ಆಗಿರಲಿಲ್ಲ. ಈಗ ಎಡಗಾಲು ಎಳೆಯುತ್ತಾರೆ, ಅಂಗಿ ಗುಂಡಿ ತಪ್ಪಿ ಹಾಕುತ್ತಾರೆ. ಹೃದಯಕ್ಕೆ ರಕ್ತ ತೆಳು ಮಾಡುವ ಮಾತ್ರೆ ಇದೆ. ವಯಸ್ಸಿಗಾ?

ಡಾಕ್ಟರ್: ವಯಸ್ಸಿಗೆ ಅನ್ನಬೇಡಿ. ಇವತ್ತೇ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ. ಮಿದುಳಿನ ಮೇಲೆ ನಿಧಾನವಾಗಿ ರಕ್ತ ಕಟ್ಟಿರಬಹುದು. ಇದ್ದರೆ, ಹೆಚ್ಚಿನವರಿಗೆ ತಲೆಬುರುಡೆಗೆ ಸಣ್ಣ ರಂಧ್ರ ಹಾಕಿ ತೊಳೆದರೆ ಸಾಕು. ಡ್ರೈನ್ ಕೊಳವೆ ಬಿಡುತ್ತೀರಾ ಅಂತ ಕೇಳಿ. ಕೇಂಬ್ರಿಡ್ಜಿನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಳವೆ ಇಲ್ಲದಾಗ 100ಕ್ಕೆ 24 ಜನಕ್ಕೆ ಮತ್ತೆ ಕಟ್ಟಿತು, ಇಟ್ಟಾಗ ಸುಮಾರು 9 ಜನಕ್ಕೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಚೀಟಿ ತೆಗೆದುಕೊಂಡು ಹೋಗಿ.

ಬಳ್ಳಾರಿ: ಮೇಡಂ, ಲೇಸರ್ ಚಿಕಿತ್ಸೆ ಒಳ್ಳೆಯದಾ?

ಡಾಕ್ಟರ್: ಮೇಲೆ ಓದಿ.

ಬೆಳಗಾವಿ: ಎಂಡೋಸ್ಕೋಪ್ ಒಳ್ಳೆಯದಾ, ಮೈಕ್ರೋಸ್ಕೋಪಾ?

ಡಾಕ್ಟರ್: ಮೊದಲನೇ ಉತ್ತರ ಓದಿ.

ಧಾರವಾಡ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ದಾವಣಗೆರೆ: ನಾಲ್ಕು ಒಳ್ಳೆ ಮಾತಿಗೂ ಪುರುಸೊತ್ತಿಲ್ಲ ಅಂದ್ರೆ ಇಲ್ಲಿ ಯಾಕೆ ಕೂರಬೇಕು?

ಅಡ್ಮಿನ್: ಫಾರ್ವರ್ಡ್ ತೆಗೆದಿದ್ದೇನೆ. ಇನ್ನೊಂದು ಬಂದರೆ ನಂಬರೂ ತೆಗೆಯುತ್ತೇನೆ.

ಡಾಕ್ಟರ್: ತೀರ್ಥಹಳ್ಳಿ ಅಮ್ಮ, ಎಲ್ಲಿದ್ದೀರಿ?

ತೀರ್ಥಹಳ್ಳಿ: ಶಿವಮೊಗ್ಗಕ್ಕೆ ಬಂದೆವು ಮೇಡಂ. ಕ್ಯಾತಿಟರ್ ಹಾಕಿದರು. 900 ಎಂಎಲ್ ಮೂತ್ರ ಬಂತು, ಇವರಿಗೆ ಕಟ್ಟಿದ್ದೇ ಗೊತ್ತಾಗಿಲ್ಲ. ಎಂಆರ್‌ಐಗೆ ಒಳಗೆ ಕರೆದುಕೊಂಡು ಹೋಗಿದ್ದಾರೆ. ಸರಿಹೋಗುತ್ತಾರಾ?

ಡಾಕ್ಟರ್: ಕಾಲಿನ ಶಕ್ತಿ ಬೇಗ ಬರಬಹುದು. ಮೂತ್ರದ ಹಿಡಿತಕ್ಕೆ ತಿಂಗಳುಗಳು ಬೇಕಾಗಬಹುದು, ಪೂರ್ತಿ ಬಾರದೆಯೂ ಇರಬಹುದು. ಸುಳ್ಳು ಭರವಸೆ ಕೊಡುವುದಿಲ್ಲ. ಇನ್ನೆರಡು ವಾರ ಮಲಗಿಸಿದ್ದರೆ ಇಷ್ಟೂ ಹೇಳಲು ಆಗುತ್ತಿರಲಿಲ್ಲ. ಫಿಲ್ಮ್ ಬಂದ ತಕ್ಷಣ ನನಗೆ ಕಳಿಸಿ, ಎದ್ದಿರುತ್ತೇನೆ.