ಶಿಯರ್ ಫ್ಲೋ ತಲೆಗೆ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಓದಿದಿರಿ?

ಪ್ರಶ್ನೆ: ಏರೋಸ್ಪೇಸ್ ಎಂಜಿನಿಯರಿಂಗ್ ಎರಡನೇ ವರ್ಷ. ಬೀಮ್ (ತೊಲೆ), ಬೆಂಡಿಂಗ್ ಮೊಮೆಂಟ್ (ಅದನ್ನು ಬಗ್ಗಿಸುವ ಪರಿಣಾಮ) ತನಕ ಹೇಗೋ ಬಂದೆ. ಶಿಯರ್ ಫ್ಲೋ (ತೆಳು ಗೋಡೆಯಗುಂಟ ಹರಿಯುವ, ಜಾರಿಸಲು ನೋಡುವ ಬಲ), ಶಿಯರ್ ಸೆಂಟರ್ ಶುರುವಾದ ಮೇಲೆ ತಲೆಬುಡ ತಿಳಿಯುತ್ತಿಲ್ಲ. ಸೂತ್ರ ಬಾಯಿಪಾಠ ಇದೆ, ಲೆಕ್ಕ ಸ್ವಲ್ಪ ಬದಲಾದರೆ ಕೈ ನಿಂತುಬಿಡುತ್ತದೆ. ಈ ಹಂತ ದಾಟಿದವರು ಹೇಳ್ತೀರಾ?

ಉತ್ತರ 1: ಈ ಪೇಪರಿನಲ್ಲಿ ಮೊದಲ ಸಲ ನಾನು ಫೇಲ್. ಆಮೇಲೆ ಕೂತು ನೋಡಿದರೆ ಸೂತ್ರ ಎಲ್ಲೂ ತಪ್ಪಿರಲಿಲ್ಲ. ಬಲ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ಒಂದು ಕೆಲಸ ಮಾಡಿ. ದಪ್ಪ ಕಾಗದವನ್ನು ಕೊಳವೆಯಾಗಿ ಸುತ್ತಿ, ಅಂಚಿನ ಉದ್ದಕ್ಕೂ ಟೇಪ್ ಹಚ್ಚಿ. ಎರಡೂ ತುದಿ ಹಿಡಿದು ತಿರುಚಿ. ಜಗ್ಗುವುದಿಲ್ಲ. ಈಗ ಬ್ಲೇಡಿನಿಂದ ಉದ್ದಕ್ಕೆ ಒಂದೇ ಸೀಳು ಹಾಕಿ ಮತ್ತೆ ತಿರುಚಿ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಗುತ್ತದೆ! ಸೀಳಿನ ಎರಡು ಅಂಚು ಹಿಂದೆ ಮುಂದೆ ಜಾರುವುದನ್ನು ಗಮನಿಸಿ. ಮೊದಲು ಆ ಜಾರುವಿಕೆಯನ್ನು ತಡೆದು ಸುತ್ತಲೂ ಓಡುತ್ತಿದ್ದದ್ದೇ ಶಿಯರ್ ಫ್ಲೋ. ತೆಳು ಕೊಳವೆಯಲ್ಲಿ ಮುಚ್ಚಿದ್ದು ಸೀಳಿದ್ದಕ್ಕಿಂತ ಎಷ್ಟು ಪಟ್ಟು ಬಿಗಿ ಅಂದರೆ, ತ್ರಿಜ್ಯವನ್ನು ದಪ್ಪದಿಂದ ಭಾಗಿಸಿ, ವರ್ಗ ಮಾಡಿ, 3ರಿಂದ ಗುಣಿಸಿ. ತ್ರಿಜ್ಯ ದಪ್ಪದ 20 ಪಟ್ಟಿದ್ದರೆ 1200 ಪಟ್ಟು. ಕಾಗದ ಅದೇ, ತೂಕ ಅದೇ. ರೆಕ್ಕೆಯಲ್ಲಿ ಎರಡು ಸ್ಪಾರ್ (ರೆಕ್ಕೆಯುದ್ದದ ತೊಲೆ), ಮೇಲೆ ಕೆಳಗೆ ಸ್ಕಿನ್ (ಹೊರ ಹೊದಿಕೆ) ಸೇರಿಸಿ ಪೆಟ್ಟಿಗೆ ಯಾಕೆ ಮುಚ್ಚುತ್ತಾರೆ ಅಂತ ನನಗೆ ಅರ್ಥವಾಗಿದ್ದು ಆವತ್ತೇ.

ಶಿಯರ್ ಸೆಂಟರ್ ಕೂಡ ಹೀಗೇ. ಸಿ ಆಕಾರದ ಚಾನೆಲ್ ತಗೊಳ್ಳಿ. ನಿಂತ ಗೋಡೆ ವೆಬ್, ಮೇಲೆ ಕೆಳಗೆ ಚಾಚಿದ ಪಟ್ಟಿಗಳು ಫ್ಲೇಂಜ್. ಮೇಲಿನ ಫ್ಲೇಂಜಿನಲ್ಲಿ ಶಿಯರ್ ಒಂದು ಕಡೆ ಹರಿದರೆ ಕೆಳಗಿನದರಲ್ಲಿ ಅದರ ಎದುರು ಕಡೆ. ಈ ಜೋಡಿ ಚಾನೆಲ್ಲನ್ನು ತಿರುಚಲು ನೋಡುತ್ತದೆ. ತಿರುಚದೆ ಬರೀ ಬಗ್ಗಬೇಕಾದರೆ ಲೋಡನ್ನು ವೆಬ್ಬಿನ ಬೆನ್ನ ಹಿಂದೆ, ಲೋಹವೇ ಇಲ್ಲದ ಜಾಗಕ್ಕೆ ಸರಿಸಬೇಕು. ಆ ಜಾಗವೇ ಶಿಯರ್ ಸೆಂಟರ್. ಲೆಕ್ಕ ಮುಗಿದ ಮೇಲೆ ವೆಬ್ಬಿನ ಶಿಯರ್ ಫ್ಲೋ ಪೂರ್ತಿ ಕೂಡಿಸಿ. ಕೊಟ್ಟ ಶಿಯರ್ ಫೋರ್ಸ್ ವಾಪಸ್ ಬರದಿದ್ದರೆ ಚಿಹ್ನೆ ಎಲ್ಲೋ ಉಲ್ಟಾ ಆಗಿದೆ.

ಉತ್ತರ 2: ಸ್ಟ್ರೆಸ್ ಅನಾಲಿಸಿಸ್, ಅಂದರೆ ಭಾಗಗಳು ಬಲ ತಾಳುತ್ತವಾ ಅಂತ ಲೆಕ್ಕ ಹಾಕೋದು, ನನ್ನ ಹೊಟ್ಟೆಪಾಡು. ಕಾಗದದ ಮಾತು ಸರಿ, ನಾನು ಒಂದು ಎಚ್ಚರಿಕೆ ಸೇರಿಸ್ತೀನಿ. ಕೈಲೆಕ್ಕ ಕುದುರುವ ಮೊದಲು ಸಾಫ್ಟ್‌ವೇರಿಗೆ ಓಡಬೇಡಿ. ಆಧಾರವನ್ನು ತಪ್ಪು ಕಡೆ ಬಿಗಿದರೂ ಅದು ಬಣ್ಣಬಣ್ಣದ ಚಿತ್ರ ಕೊಡುತ್ತದೆ, ನಾವು ನಂಬಿಬಿಡುತ್ತೇವೆ. ಹೊಸದರಲ್ಲಿ ನಾನು ನಂಬಿದ್ದೆ, ಬೈಸಿಕೊಂಡೆ.

ಇನ್ನೊಂದು, ಬಕ್ಲಿಂಗ್ (ಒತ್ತಿದಾಗ ಮುರಿಯದೆ ಬಾಗಿ ಸುಕ್ಕಾಗುವುದು) ಅಧ್ಯಾಯವನ್ನು ಕೊನೆಗೆ ತಳ್ಳಬೇಡಿ. ಉಕ್ಕಿನ ಬಿಗಿತ ಸುಮಾರು 200 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಮ್ಮಿನದು 70. ತೂಕಕ್ಕೆ ಹೋಲಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ವಿಮಾನಕ್ಕೆ ಅಲ್ಯೂಮಿನಿಯಮ್ಮೇ ಯಾಕೆ? ಅದೇ ತೂಕಕ್ಕೆ ಅದರ ತಗಡು ಸುಮಾರು 2.9 ಪಟ್ಟು ದಪ್ಪ ಬರುತ್ತದೆ. ತಗಡು ಬಗ್ಗದಂತೆ ತಡೆಯುವುದು ದಪ್ಪದ ಘನ. ಲೆಕ್ಕ ಹಾಕಿ, ಘನ ಸುಮಾರು 24 ಪಟ್ಟು, ಅದನ್ನು 70/200ರಿಂದ ಗುಣಿಸಿದರೂ 8 ಪಟ್ಟಿಗಿಂತ ಜಾಸ್ತಿ ಬಿಗಿ. ತೆಳು ಸ್ಕಿನ್ ಮುರಿಯುವ ಮೊದಲೇ ಸುಕ್ಕಾಗುತ್ತದೆ, ಅದಕ್ಕೇ ಒಳಗೆ ಅಷ್ಟೊಂದು ಸ್ಟ್ರಿಂಗರ್ (ಸ್ಕಿನ್ನಿಗೆ ಆಸರೆಯಾಗುವ ಉದ್ದ ಪಟ್ಟಿ).

ಉತ್ತರ 3: ನನ್ನದು ಚಿಕ್ಕದು. ಹತ್ತು ಲೆಕ್ಕದ ಪರಿಹಾರ ಓದೋದಕ್ಕಿಂತ ಒಂದು ಲೆಕ್ಕ ನೋಡದೆ ಮಾಡಿ. ಮೂರು ದಿನ ಬಿಟ್ಟು ಅದನ್ನೇ ಖಾಲಿ ಹಾಳೆಯಲ್ಲಿ ಮತ್ತೆ ಮಾಡಿ. ಎರಡನೇ ಸಲ ಎಲ್ಲಿ ತಡವರಿಸಿದಿರೋ ಅಲ್ಲೇ ನಿಮಗೆ ಗೊತ್ತಿಲ್ಲದ್ದು ಇರೋದು. ಫ್ರೀ ಬಾಡಿ ಡಯಾಗ್ರಾಮ್ (ಭಾಗವನ್ನು ಬಿಡಿಸಿ ಅದರ ಮೇಲಿನ ಬಲಗಳನ್ನೆಲ್ಲ ತೋರಿಸುವ ಚಿತ್ರ) ದೊಡ್ಡದಾಗಿ ಬರೀರಿ, ಮೂಲೆಯಲ್ಲಿ ಗೀಚಬೇಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕೊಳವೆ ಮಾಡಿದೆ, ಸೀಳಿದೆ. ಆಮೇಲೆ ಸುಮ್ನೆ ಸೀಳಿನ ಮೇಲೆ ಅಲ್ಲಲ್ಲಿ ನಾಲ್ಕು ತುಂಡು ಟೇಪ್ ಹಚ್ಚಿದೆ. ಅಷ್ಟಕ್ಕೇ ಮತ್ತೆ ಬಿಗಿಯಾಯ್ತು! ಹಾಗಾದರೆ ವಿಮಾನದ ಮೈಯಲ್ಲಿ ಬಾಗಿಲಿಗೆ ಅಂತ ಕೊರೆದ ಕಡೆ ಏನು ಮಾಡುತ್ತಾರೆ?

ಉತ್ತರ 1: ಸುತ್ತ ಗಟ್ಟಿ ಚೌಕಟ್ಟು ಕೂರಿಸುತ್ತಾರೆ, ಪಕ್ಕದ ಸ್ಕಿನ್ ದಪ್ಪ ಮಾಡುತ್ತಾರೆ. ಬಲ ತೂತಿನ ಸುತ್ತ ಬಳಸಿಕೊಂಡು ಹೋಗಬೇಕಲ್ವಾ? ಇನ್ನೊಂದು ಕೊಳವೆ ಮಾಡಿ, ಕಿಟಕಿ ಕತ್ತರಿಸಿ ತಿರುಚಿ. ಮೊದಲು ಯಾವ ಮೂಲೆ ಹರಿಯುತ್ತದೆ ನೋಡಿ ಹೇಳಿ.