ಇಂಟೇಕ್ ಕಿಟ್ ಹಾಕಿಸಿದರೆ ಘಾಟಿ ಹತ್ತೋಕೆ ನಿಜವಾಗಿಯೂ ಪವರ್ ಜಾಸ್ತಿ ಆಗುತ್ತಾ?

ತುಂಗೆದಂಡೆ:
ನಮಸ್ಕಾರ. ನನ್ನದು 2018ರ ಸ್ವಿಫ್ಟ್, 1.2 ಪೆಟ್ರೋಲ್. ಮನೆ ತೀರ್ಥಹಳ್ಳಿ ಹತ್ತಿರ, ಹೆಂಡತಿ ಕಡೆಯವರು ಹೆಬ್ರಿಯಲ್ಲಿ, ಹಾಗಾಗಿ ಆಗುಂಬೆ ಘಾಟಿ ನಮಗೆ ತಪ್ಪಿದ್ದಲ್ಲ. ಮನೆಯವರೆಲ್ಲ ಕೂತು, ಡಿಕ್ಕಿ ತುಂಬಿ, ಎಸಿ ಹಾಕಿಕೊಂಡು ಸೋಮೇಶ್ವರದಿಂದ ಮೇಲೆ ಬರುವಾಗ ಗಾಡಿ ಎಳೆಯುವುದೇ ಇಲ್ಲ. ತಿರುವಿನಲ್ಲಿ ಸ್ಪೀಡ್ ಇಳಿದರೆ ಮತ್ತೆ ಎತ್ತಿಕೊಳ್ಳಲು ಒದ್ದಾಡುತ್ತದೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೇಳಿದೆ. ಕಂಪನಿಯ ಏರ್ ಫಿಲ್ಟರ್ ಡಬ್ಬ ತೆಗೆದು ಕೋನ್ ಆಕಾರದ ಫಿಲ್ಟರ್ ಇರುವ ಇಂಟೇಕ್ (ಎಂಜಿನ್‌ಗೆ ಗಾಳಿ ಎಳೆಯುವ ಪೈಪ್) ಹಾಕಿಸಿ, 10 ಬಿಎಚ್‌ಪಿ ಜಾಸ್ತಿ ಬರುತ್ತದೆ, ಮೈಲೇಜೂ ಏರುತ್ತದೆ ಅಂದರು. ಹಾಕಿಸಿದವರು ಯಾರಾದರೂ ಇದ್ದರೆ ಹೇಳಿ, ದುಡ್ಡಿಗೆ ತಕ್ಕ ಕೆಲಸ ಮಾಡುತ್ತದಾ?

ಎರಡನೇ_ಗೇರ್:
ಹಾಕಿಸಬೇಡಿ ಸರ್. ನಿಮ್ಮ ಎಂಜಿನ್‌ನ ಪೂರ್ತಿ ಪವರ್ 83 ಪಿಎಸ್, ಬಿಎಚ್‌ಪಿ ಲೆಕ್ಕದಲ್ಲೂ ಹೆಚ್ಚುಕಮ್ಮಿ ಅಷ್ಟೇ. ಅದೂ 6000 ಆರ್‌ಪಿಎಂನಲ್ಲಿ. ಅದಕ್ಕೆ 10 ಸೇರಬೇಕಾದರೆ ಎಂಜಿನ್ ಒಳಗೆ ಹೆಚ್ಚುಕಮ್ಮಿ 12 ಪರ್ಸೆಂಟ್ ಜಾಸ್ತಿ ಗಾಳಿ ಹೋಗಬೇಕು. ಟರ್ಬೊ ಇಲ್ಲದ ಗಾಡಿಯಲ್ಲಿ ಗಾಳಿಯನ್ನು ಒಳಗೆ ತಳ್ಳುವವರು ಯಾರೂ ಇಲ್ಲ, ಹೊರಗಿನ ವಾತಾವರಣದ ಒತ್ತಡವೇ ತಳ್ಳಬೇಕು. ಹಾಗಾಗಿ ಕಂಪನಿ ಡಬ್ಬ ಎಷ್ಟು ಗಾಳಿ ತಡೆಯುತ್ತಿದೆಯೋ ಅಷ್ಟನ್ನು ಮಾತ್ರ ನೀವು ವಾಪಸ್ ಪಡೆಯಬಹುದು, ಅದಕ್ಕಿಂತ ಒಂದು ಚೂರೂ ಜಾಸ್ತಿ ಇಲ್ಲ.

ಎಷ್ಟು ತಡೆಯುತ್ತಿದೆ ಅಂತ ನೀವೇ ಅಳೆಯಬಹುದು. ಒಂದು ಅಗ್ಗದ ಒಬಿಡಿ ಸ್ಕ್ಯಾನರ್ (ಗಾಡಿಯ ಸೆನ್ಸರ್ ಅಂಕಿಗಳನ್ನು ಓದುವ ಸಾಧನ) ಸಿಕ್ಕಿಸಿ ಫೋನಲ್ಲಿ ಆ್ಯಪ್ ತೆರೆಯಿರಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಇಂಟೇಕ್ ಮ್ಯಾನಿಫೋಲ್ಡ್ ಒತ್ತಡ, ಅಂದರೆ ಎಂಜಿನ್ ಬಾಯಿಗೆ ಬಂದ ಗಾಳಿಯ ಒತ್ತಡ, ನೋಡಿ. ಶಿವಮೊಗ್ಗದ ಎತ್ತರಕ್ಕೆ 94-95 ಕಿಲೋಪಾಸ್ಕಲ್ ತೋರಿಸಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು ಆರ್‌ಪಿಎಂ ಏರುವಾಗ ಪಕ್ಕದಲ್ಲಿ ಕೂತವರು ಅದೇ ಅಂಕಿ ನೋಡಲಿ. ಒಂದೆರಡು ಕಿಲೋಪಾಸ್ಕಲ್ ಮಾತ್ರ ಕಮ್ಮಿ ಬಂದರೆ ಫಿಲ್ಟರ್, ಪೈಪ್, ಥ್ರಾಟಲ್ ಎಲ್ಲ ಸೇರಿ ತಡೆಯುತ್ತಿರುವುದು ಒಂದೆರಡು ಪರ್ಸೆಂಟ್ ಅಷ್ಟೇ. 83ಕ್ಕೆ ಒಂದೆರಡು ಪರ್ಸೆಂಟ್ ಎಷ್ಟು? ನೀವೇ ಲೆಕ್ಕ ಹಾಕಿ.

ಕೋನ್ ಫಿಲ್ಟರ್‌ದು ಇನ್ನೊಂದು ತೊಂದರೆ ಇದೆ. ಕಂಪನಿ ಪೈಪ್ ಮುಂದಿನ ಗ್ರಿಲ್ ಹತ್ತಿರದಿಂದ ತಣ್ಣನೆ ಗಾಳಿ ಎಳೆಯುತ್ತದೆ, ಬಿಚ್ಚಿಟ್ಟ ಕೋನ್ ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು 3 ಪರ್ಸೆಂಟ್ ತೆಳುವಾಗುತ್ತದೆ. ಘಾಟಿಯಲ್ಲಿ ನಿಧಾನಕ್ಕೆ ಹತ್ತುವಾಗ ಬಾನೆಟ್ ಒಳಗೆ ಎಷ್ಟು ಬಿಸಿ ಇರುತ್ತದೆ ಅಂತ ನಿಮಗೇ ಗೊತ್ತಲ್ವಾ. ಅಲ್ಲಿಗೆ ಬಂದ ಲಾಭವೂ ಹೋಯಿತು.

ಸಾಗರ್_ಡೀಸೆಲ್:
ಅಷ್ಟು ಕಡ್ಡಿ ಮುರಿದ ಹಾಗೆ ಹೇಳಬೇಡಿ ಅಣ್ಣ. ನನ್ನ ಟರ್ಬೊ ಡೀಸೆಲ್‌ನಲ್ಲಿ ಇಂಟೇಕ್ ಹಾಕಿಸಿದ್ದೇನೆ, ಎಳೆತ ಚೆನ್ನಾಗಿದೆ, ಆ ಟರ್ಬೊ ಶಬ್ದ ಕೇಳುವುದೇ ಒಂದು ಖುಷಿ.

ಎರಡನೇ_ಗೇರ್:
@ಸಾಗರ್_ಡೀಸೆಲ್ ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಕೂಡ ಮಾಡಿಸಿದ್ದೀರಾ?

ಸಾಗರ್_ಡೀಸೆಲ್:
ಹೌದು, ಎರಡೂ ಒಟ್ಟಿಗೆ, ಬೆಂಗಳೂರಲ್ಲಿ.

ಎರಡನೇ_ಗೇರ್:
ಹಾಗಾದರೆ ಎಳೆತ ಬಂದಿರುವುದು ರೀಮ್ಯಾಪ್‌ನಿಂದ. ಡೀಸೆಲ್‌ನಲ್ಲಿ ಪವರ್ ನಿರ್ಧಾರ ಮಾಡುವುದು ಎಷ್ಟು ಇಂಧನ ಸುರಿಯುತ್ತೇವೆ ಅನ್ನುವುದು, ಟರ್ಬೊ ಒತ್ತಡವನ್ನೂ ಇಸಿಯು (ಎಂಜಿನ್ ಕಂಪ್ಯೂಟರ್) ತನಗೆ ಹೇಳಿದಷ್ಟಕ್ಕೇ ನಿಲ್ಲಿಸುತ್ತದೆ. ಆ ಎರಡೂ ಅಂಕಿಗಳನ್ನು ರೀಮ್ಯಾಪ್ ಏರಿಸುತ್ತದೆ. ಜಾಸ್ತಿ ಗಾಳಿ ಬೇಕಾಗುವಷ್ಟು ಏರಿಸಿದರೆ ಆಗ ದೊಡ್ಡ ಇಂಟೇಕ್‌ಗೆ ಅರ್ಥ ಇದೆ, ಅದನ್ನು ಒಪ್ಪುತ್ತೇನೆ. ಇನ್ನು ಶಬ್ದ. ಕಂಪನಿಯವರು ಶಬ್ದ ಅಡಗಿಸಲು ಇಟ್ಟ ಡಬ್ಬ ತೆಗೆದ ಮೇಲೆ ಎಂಜಿನ್ ಗಾಳಿ ಎಳೆಯುವುದು ಕಿವಿಗೆ ಬೀಳುತ್ತದೆ, ಗಾಡಿ ಜೋರಾಗಿ ಹೋಗುತ್ತಿದೆ ಅನಿಸುತ್ತದೆ. ಶಬ್ದಕ್ಕಾಗಿ ಹಾಕಿಸುವವರು ಹಾಕಿಸಲಿ, ಪವರ್ ಅಂತ ಹೇಳಿ ಮಾರಬಾರದು.

ಕೊಪ್ಪದ_ಮಳೆ:
ಮಾರಾಯ್ರೆ, ಎಲ್ಲರೂ ಮಳೆ ಮರೆತಿರಾ? ಕೋಲ್ಡ್ ಏರ್ ಇಂಟೇಕ್ ಅಂತ ಬರುತ್ತದಲ್ಲ, ಕೆಲವದರಲ್ಲಿ ಫಿಲ್ಟರ್ ಬಂಪರ್ ಹಿಂದೆ ಕೆಳಗೆ ಕೂತಿರುತ್ತದೆ. ನಮ್ಮ ಕಡೆ ಜುಲೈ, ಆಗಸ್ಟ್‌ನಲ್ಲಿ ಮೋರಿ ಮೇಲೆ ನೀರು ಹರಿಯುವ ರಸ್ತೆಗಳು ಎಷ್ಟಿವೆ! ಆ ಫಿಲ್ಟರ್ ನೀರಲ್ಲಿ ಮುಳುಗಿದರೆ ಎಂಜಿನ್ ಗಾಳಿ ಬದಲು ನೀರು ಕುಡಿಯುತ್ತದೆ. ನೀರನ್ನು ಪಿಸ್ಟನ್ ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿಬಿಡುತ್ತದೆ. ಎಂಜಿನ್ ಪ್ರೊಟೆಕ್ಷನ್ ಬೇರೆಯಾಗಿ ತೆಗೆದುಕೊಳ್ಳದಿದ್ದರೆ ಸಾಮಾನ್ಯವಾಗಿ ಇನ್ಶೂರೆನ್ಸ್‌ನವರು ಇದಕ್ಕೆ ದುಡ್ಡು ಕೊಡುವುದಿಲ್ಲ, ಮೇಲಿಂದ ಹೊರಗಿನ ಪಾರ್ಟ್ ಹಾಕಿಸಿದ್ದೀರಿ ಅಂತ ತಕರಾರು ಬೇರೆ. ಕಂಪನಿ ಪೈಪ್‌ನ ಬಾಯಿ ಅಷ್ಟು ಮೇಲೆ ಇಟ್ಟಿರುವುದು ಸುಮ್ನೆ ಅಲ್ಲ.

ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಹಾಕಿಸುವವರೂ ಸ್ವಲ್ಪ ನೋಡಿಕೊಳ್ಳಿ. ಎಣ್ಣೆ ಜಾಸ್ತಿಯಾದರೆ ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಅದರ ಮೇಲೆ ಕೂತು ಅಳತೆಯೇ ಕೆಡುತ್ತದೆ.

ತುಂಗೆದಂಡೆ:
ತುಂಬ ಉಪಕಾರ ಆಯಿತು. ಕಿಟ್ ಬೇಡ ಅಂತ ತೀರ್ಮಾನ ಮಾಡಿದೆ. ಆದರೆ ಘಾಟಿಯ ಕಷ್ಟ ಹಾಗೇ ಉಳಿಯಿತಲ್ಲ. ಏನು ಮಾಡಲಿ? ಈಗಿನ ಫಿಲ್ಟರ್ ಹಾಕಿಸಿ ಬಹಳ ಕಾಲ ಆಗಿದೆ.

ಎರಡನೇ_ಗೇರ್:
ಮೊದಲು ಆ ಫಿಲ್ಟರನ್ನೇ ಬದಲಾಯಿಸಿ. ಕಂಪನಿಯದೇ ಪೇಪರ್ ಫಿಲ್ಟರ್ ಸಾಕು, ಕೆಲವು ನೂರು ರೂಪಾಯಿ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ಬದಲಿಸಿದರೆ ಮೈಲೇಜ್ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ, ಆದರೆ ವೇಗ ಎತ್ತಿಕೊಳ್ಳುವುದು 6ರಿಂದ 11 ಪರ್ಸೆಂಟ್ ಸುಧಾರಿಸಿತು. ನಿಮಗೆ ಬೇಕಾಗಿರುವುದು ಅದೇ ತಾನೇ. ಡಬ್ಬದ ಒಳಗೆ ಎಲೆ, ಕೆಮ್ಮಣ್ಣಿನ ಧೂಳು ಸೇರಿಕೊಂಡಿದ್ದರೆ ಅದನ್ನೂ ತೆಗೆಸಿ. ಸ್ಪಾರ್ಕ್ ಪ್ಲಗ್ ಹಳೆಯದಾದರೆ ಅದನ್ನೂ ನೋಡಿಸಿ.

ಆಮೇಲೆ ಗೇರ್. ನಿಮ್ಮ ಎಂಜಿನ್‌ನ ಪೂರ್ತಿ ಟಾರ್ಕ್ (ತಿರುಗಿಸುವ ಬಲ) ಸಿಗುವುದು 4200 ಆರ್‌ಪಿಎಂನಲ್ಲಿ. ಮೂರನೇ ಗೇರಲ್ಲಿ 2000ಕ್ಕೆ ಇಳಿಸಿಕೊಂಡು ಎಳೆಯಿರಿ ಅಂದರೆ ಅದು ಎಲ್ಲಿಂದ ಎಳೆದೀತು? 1.2 ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 3600 ಲೀಟರ್ ಗಾಳಿ ಎಳೆಯುತ್ತದೆ, 2000ದಲ್ಲಿ 1200 ಲೀಟರ್. ಅಷ್ಟು ಕಮ್ಮಿ ಗಾಳಿಗೆ ಕಂಪನಿ ಡಬ್ಬ ಅಡ್ಡಿಯೇ ಅಲ್ಲ. ತಿರುವಿಗೆ ಮೊದಲೇ ಎರಡಕ್ಕೆ ಹಾಕಿ, ತೀರಾ ಕಡಿದಾದ ಕಡೆ ಒಂದಕ್ಕೆ. ಎಂಜಿನ್ 3500 ಮೇಲೆ ಕೂಗಿಕೊಂಡು ಹತ್ತಲಿ, ಅದರಿಂದ ಏನೂ ಆಗುವುದಿಲ್ಲ. ಕಡಿದಾದ ತಿರುವುಗಳಷ್ಟು ದೂರ ಎಸಿ ಆಫ್ ಮಾಡಿ. ಆಗುಂಬೆ ಸುಮಾರು 650 ಮೀಟರ್ ಎತ್ತರದಲ್ಲಿದೆ, ಸಮುದ್ರಮಟ್ಟಕ್ಕಿಂತ ಅಲ್ಲಿ ಗಾಳಿ 6 ಪರ್ಸೆಂಟ್ ಆಸುಪಾಸು ತೆಳು, ಎಂಜಿನ್ ಪವರೂ ಹೆಚ್ಚುಕಮ್ಮಿ ಅಷ್ಟೇ ಕಮ್ಮಿ ಆಗುತ್ತದೆ. ಅದಕ್ಕೆ ಯಾವ ಫಿಲ್ಟರೂ ಪರಿಹಾರ ಅಲ್ಲ.

ತುಂಗೆದಂಡೆ:
ಸರಿ ಸರ್. ಮೂರನೇ ಗೇರಲ್ಲೇ ಹತ್ತುತ್ತಿದ್ದೆ. ಫಿಲ್ಟರ್ ಹಾಕಿಸಿ, ಸ್ಕ್ಯಾನರ್ ಅಂಕಿ ನೋಡಿ ಇಲ್ಲೇ ಬರೆಯುತ್ತೇನೆ.