ಸಣ್ಣ ಧರ್ಮಕೇಂದ್ರದಲ್ಲಿ ಸೇವೆ ಮಾಡಬಯಸುವ ಹೊಸಬರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. 11 ವರ್ಷ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದ ನಾನು, ತಂದೆಯವರ ಆರೋಗ್ಯ ಕೆಟ್ಟಿದ್ದರಿಂದ ಕಳೆದ ವರ್ಷ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿಗೆ ಮರಳಿದೆ. ನಮ್ಮದು ಸುಮಾರು 60 ಮನೆಗಳ ಕಥೋಲಿಕ ಧರ್ಮಕೇಂದ್ರ. ಮನೆಗಳೆಲ್ಲ ಅಡಿಕೆ ತೋಟಗಳ ನಡುವೆ ದೂರ ದೂರ ಇವೆ, ಗುರುಗಳು ಒಬ್ಬರೇ, ಅವರೇ 12 ಕಿಲೋಮೀಟರ್ ಆಚೆಯ ಉಪಕೇಂದ್ರಕ್ಕೂ ಹೋಗಿ ಪೂಜೆ ಅರ್ಪಿಸಬೇಕು. ಇಂಥಲ್ಲಿ ಕೈಜೋಡಿಸುವವರು ಬೇಕೇ ಬೇಕು ಎಂದುಕೊಂಡು, ಊರಿಗೆ ಬಂದ ಎರಡನೆಯ ಭಾನುವಾರವೇ ಗುರುಗಳ ಬಳಿ ಹೋಗಿ, "ಯಾವ ಕೆಲಸವಾದರೂ ಸರಿ, ಹೇಳಿ ಫಾದರ್" ಎಂದೆ. ಅವರು ತುಂಬಾ ಸಂತೋಷಪಟ್ಟರು. ಆದರೆ ನಾಲ್ಕು ತಿಂಗಳು ಕಳೆದರೂ ಯಾರೂ ಏನನ್ನೂ ಹೇಳಲಿಲ್ಲ.

ಕೊನೆಗೆ ನಾನೇ ಮುಂದಾಗಿ, ವಾಚನ, ಕಾಣಿಕೆ ಸಂಗ್ರಹ, ಹೂವಿನ ಅಲಂಕಾರ, ಗುಡಿಸಿ ಒರೆಸುವುದು ಎಲ್ಲಕ್ಕೂ ಮೂರು ತಿಂಗಳ ಸರದಿ ಪಟ್ಟಿ ಮಾಡಿ ಧರ್ಮಕೇಂದ್ರದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಮರುವಾರ ಪೂಜೆಗೆ ಮುನ್ನ, 26 ವರ್ಷಗಳಿಂದ ಪೂಜಾವಸ್ತ್ರಗಳ ಕೋಣೆಯನ್ನು ನೋಡಿಕೊಂಡು ಬಂದಿರುವ ಬಾಯಮ್ಮನವರು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಹಿಂದಿನ ಬೆಂಚಿಗೆ ಹೋಗಿ ಕುಳಿತರು. ಅಂದು ಮೇಣದ ಬತ್ತಿ ಹಚ್ಚಲು ಬೆಂಕಿಪೊಟ್ಟಣ ಎಲ್ಲಿದೆ ಎಂಬುದೂ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಭಾನುವಾರದಿಂದ ಅವರು ಪೂಜೆಗೆ ಬರುತ್ತಾರೆ, ಮುಗಿದ ಕೂಡಲೇ ಹೊರಟುಬಿಡುತ್ತಾರೆ.

ಅವರ ಮನಸ್ಸು ನೋಯಿಸುವ ಉದ್ದೇಶ ನನಗೆ ಎಳ್ಳಷ್ಟೂ ಇರಲಿಲ್ಲ. ಈಗ ನಾನೇನು ಮಾಡಬೇಕು? ಹೊಸಬರು ಸೇವೆಯನ್ನು ಎಲ್ಲಿಂದ ಆರಂಭಿಸುವುದು ಸರಿ? ನನಗೆ ಬರುವ ವಿದ್ಯೆ ಲೆಕ್ಕ ಬರೆಯುವುದು. ಆದರೆ ಲೆಕ್ಕದ ಮಾತೆತ್ತಿದರೆ ಯಾರನ್ನೋ ಅನುಮಾನಿಸಿದ ಹಾಗಾಗುತ್ತದೆಯೇ ಎಂಬ ಅಂಜಿಕೆಯೂ ಇದೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಹೊಸನಗರದ ಗುರಿಕಾರ

ತಂಗಿ, ನಾನು ಹೊಸನಗರದ ಕಡೆ ಒಂದು ವಾಳೆಗೆ (ಧರ್ಮಕೇಂದ್ರದ ಒಂದಷ್ಟು ಮನೆಗಳ ಗುಂಪಿಗೆ) 19 ವರ್ಷಗಳಿಂದ ಗುರಿಕಾರನಾಗಿ, ಅಂದರೆ ಮುಂದಾಳಾಗಿ ಇದ್ದೇನೆ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಪಟ್ಟಿ ಮಾಡಿದ್ದು ತಪ್ಪಲ್ಲ. ಆದರೆ ನಿಮ್ಮ ಬಾಯಮ್ಮನವರ ತಲೆಯಲ್ಲಿ ಇನ್ನೊಂದು ಪಟ್ಟಿ ಇತ್ತು, ಅದನ್ನು ನೀವು ಕೇಳಲಿಲ್ಲ. ಮಳೆ ಜೋರಾದರೆ ಕಾಲುಸಂಕದಾಚೆಯ ಮನೆಗಳವರು ಜುಲೈ ತಿಂಗಳಲ್ಲಿ ಬೆಳಗಿನ ಪೂಜೆಗೆ ಬಂದು ಮುಟ್ಟಲಾರರು. ಅಡಿಕೆ ಗೊನೆಯ ಕೊಯ್ಲು ಶುರುವಾದರೆ ರಾತ್ರಿಯೆಲ್ಲ ಅಡಿಕೆ ಸುಲಿದವರಿಗೆ ಮುಂಜಾನೆ ಚರ್ಚು ಗುಡಿಸುವ ಸರದಿ ಹಾಕಬಾರದು. ಒಬ್ಬ ಹಿರಿಯರಿಗೆ ಅಕ್ಷರ ಮಸುಕಾಗಿ ಕಾಣುತ್ತದೆ, ಆದರೆ ಹೇಳಿಕೊಳ್ಳಲು ಸಂಕೋಚ, ಆದ್ದರಿಂದ ಅವರಿಗೆ ವಾಚನದ ಬದಲು ಕಾಣಿಕೆಯ ತಟ್ಟೆ ಕೊಡಬೇಕು. ಇವು ಯಾವ ಪುಸ್ತಕದಲ್ಲೂ ಬರೆದಿಲ್ಲ. ಇಷ್ಟನ್ನೂ 26 ವರ್ಷ ಮನಸ್ಸಿನಲ್ಲಿಟ್ಟುಕೊಂಡು ನಡೆಸಿದವರಿಗೆ, ಒಂದು ಬೆಳಿಗ್ಗೆ ಮೊಬೈಲಿನಲ್ಲಿ ತಮ್ಮ ಹೆಸರಿನ ಮುಂದೆ "ಎರಡನೆಯ ವಾರ, ಹೂವು" ಎಂದು ಕಂಡರೆ ಹೇಗಾಗಬೇಡ?

ಮೊದಲು ಅವರ ಮನೆಗೆ ಹೋಗಿ. ವಾಟ್ಸ್ಆ್ಯಪಿನಲ್ಲಿ ಕ್ಷಮೆ ಕೇಳಬೇಡಿ, ಗುರುಗಳ ಮೂಲಕವೂ ಹೇಳಿಸಬೇಡಿ. ಆ ಬೀಗದ ಕೈಯನ್ನು ತೆಗೆದುಕೊಂಡು ಹೋಗಿ ಅವರ ಕೈಗೇ ಕೊಟ್ಟು, "ನನಗೆ ಬಟ್ಟೆ ಮಡಚುವುದನ್ನು ಕಲಿಸಿಕೊಡಿ" ಎಂದು ಕೇಳಿ. ಇದು ಉಪಾಯದ ಮಾತಲ್ಲ, ನಿಜವಾಗಿಯೂ ಕಲಿಯಬೇಕಾದ ಕೆಲಸ. ಕಾರ್ಪೊರಲ್ ಎಂದು ಕರೆಯುವ ಆ ಬಿಳಿಯ ಚೌಕ ಬಟ್ಟೆಯನ್ನು ಪಾತ್ರೆಯ ಕೆಳಗೆ ಹಾಸುತ್ತೇವಲ್ಲ, ಅದನ್ನು ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಮಡಿಕೆಯಾಗಿ ಒಳಮುಖವಾಗಿ ಮಡಚಬೇಕು. ಪರಮಪ್ರಸಾದದ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯ) ಒಂದು ಕಣವಿದ್ದರೂ ಒಳಗೇ ಉಳಿಯಲಿ ಎಂಬುದಕ್ಕೆ ಆ ಕ್ರಮ. ಒಗೆಯುವಾಗ ಮೊದಲ ನೀರನ್ನು ಚರಂಡಿಗೆ ಚೆಲ್ಲುವಂತಿಲ್ಲ; ಯಾರೂ ತುಳಿಯದ ಕಡೆ ಮಣ್ಣಿಗೆ ಹೊಯ್ಯಬೇಕು. ನಮ್ಮ ಮಳೆಗಾಲದಲ್ಲಿ ಇದನ್ನು ಒಣಗಿಸುವುದೇ ಒಂದು ಸಾಹಸ. ನನ್ನ ಅತ್ತೆಯವರು ಬಚ್ಚಲೊಲೆಯ ಬಿಸಿ ತಾಗುವ ಹಾಗೆ, ಹೊಗೆ ಮಾತ್ರ ತಾಗದ ಹಾಗೆ, ಪಕ್ಕದ ಗೋಡೆಗೆ ಒಂದು ಬಿದಿರ ಗಳು ಕಟ್ಟಿಸಿಕೊಂಡಿದ್ದರು. ಆ ಗಳುವಿನ ಮೇಲೆ ಬೇರೆ ಯಾವ ಬಟ್ಟೆಯನ್ನೂ ಹಾಕಲು ಬಿಡುತ್ತಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂಜಾವಸ್ತ್ರಗಳಿಗೆ ಬೂಷ್ಟು ಹಿಡಿಯದಂತೆ ಕಾಯುವುದು ಎಷ್ಟು ಕಷ್ಟ ಎಂಬುದು ಬಾಯಮ್ಮನವರ ಪಕ್ಕದಲ್ಲಿ ಒಂದು ಮಳೆಗಾಲ ನಿಂತರೆ ನಿಮಗೇ ತಿಳಿಯುತ್ತದೆ.

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಅನ್ಯಾಯವಾಗುತ್ತಿದೆ ಎಂಬ ದೂರು ಬಂದಾಗ ಏಳು ಮಂದಿಯನ್ನು ನೇಮಿಸಿದರು, ಅವರಲ್ಲಿ ಸ್ತೆಫನನೂ ಒಬ್ಬ. ಆ ಏಳು ಮಂದಿ ತಾವಾಗಿ ಹೆಸರು ಬರೆಸಿಕೊಂಡವರಲ್ಲ. ಜನರೇ ಅವರನ್ನು ನೋಡಿ, ನಂಬಿ, ಆರಿಸಿ ಮುಂದೆ ನಿಲ್ಲಿಸಿದರು. ನಿಮ್ಮನ್ನೂ ಜನ ನೋಡಬೇಕಲ್ಲ? ಅದಕ್ಕೆ ಕಾಲ ಬೇಕು. ಒಂದೇ ಒಂದು ಕೆಲಸ ಹಿಡಿಯಿರಿ, ಯಾರಿಗೂ ಬೇಡವಾದದ್ದನ್ನೇ ಹಿಡಿಯಿರಿ, ಮತ್ತು ಹಿಡಿಯುವಾಗಲೇ ಅವಧಿಯನ್ನೂ ಹೇಳಿ: ಮೊಂತಿ ಹಬ್ಬದಿಂದ (ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮದಿನ, ಹೊಸ ತೆನೆಯ ಹಬ್ಬ) ಕ್ರಿಸ್ಮಸ್‌ವರೆಗೆ ಎಂದರೆ ಸಾಕು.

ಉತ್ತರ: ಶಿವಮೊಗ್ಗದ ಲೆಕ್ಕಿಗ

ಗುರಿಕಾರರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಲೆಕ್ಕದ ವಿಷಯವನ್ನು ಮಾತ್ರ ಹೇಳುತ್ತೇನೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೆಯ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕು. ಅದರ ಹಿಂದಿನ 536ನೆಯ ವಿಧಿ ಪಾಲನಾ ಪರಿಷತ್ತಿನದು. ಪರಿಷತ್ತಿಗೆ ಇರುವುದು ಸಲಹೆ ಕೊಡುವ ಅಧಿಕಾರ ಮಾತ್ರ. ಆದ್ದರಿಂದ "ಸಮಿತಿಗೆ ಸಹಾಯ ಮಾಡಲೇ ಫಾದರ್?" ಎಂದು ಕೇಳುವುದರಲ್ಲಿ ಅನುಮಾನದ ಸುಳಿವೇ ಇಲ್ಲ.

ನಾನು ಹಿಂದೆ ಇದ್ದ ಒಂದು ಧರ್ಮಕೇಂದ್ರದಲ್ಲಿ ನಡೆದದ್ದನ್ನು ಹೇಳಬೇಕು. ಕಾಣಿಕೆ ಎಣಿಸುತ್ತಿದ್ದವರು ಒಬ್ಬರೇ ಹಿರಿಯರು. ಎಣಿಸಿ, ಚೀಲದಲ್ಲಿ ಹಾಕಿ, ಮನೆಗೆ ಒಯ್ದು, ಬಿಡುವಾದಾಗ ಬ್ಯಾಂಕಿಗೆ ಕಟ್ಟುತ್ತಿದ್ದರು. ಒಂದು ಹಬ್ಬದ ನಂತರ ಯಾರೋ ಒಬ್ಬರು ಮೊತ್ತ ಕಡಿಮೆಯಾಯಿತೆಂದು ಆಡಿಕೊಂಡರು. ಅವರು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ ಎಂದು ನಾನು ಇಂದಿಗೂ ನಂಬುತ್ತೇನೆ, ಆದರೆ ಅದನ್ನು ತೋರಿಸಲು ಅವರ ಬಳಿ ಒಂದು ಚೀಟಿಯೂ ಇರಲಿಲ್ಲ. ಅವರು ಆ ಕೆಲಸವನ್ನು ಬಿಟ್ಟರು, ಕ್ರಮೇಣ ಬರುವುದನ್ನೂ ಬಿಟ್ಟರು. ಅಂದಿನಿಂದ ನಾನು ಹೋದಲ್ಲೆಲ್ಲ ಇದನ್ನೇ ಹೇಳುತ್ತೇನೆ: ಪೂಜೆ ಮುಗಿದ ತಕ್ಷಣ, ಅಲ್ಲೇ, ಒಂದೇ ಮನೆಯವರಲ್ಲದ ಇಬ್ಬರು ಕುಳಿತು ಎಣಿಸಬೇಕು, ಯಾವ ನೋಟು ಎಷ್ಟು ಎಂದು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು, ಸೋಮವಾರ ಬ್ಯಾಂಕಿಗೆ ಕಟ್ಟಿದ ರಸೀದಿಯನ್ನು ಅದೇ ಪುಟಕ್ಕೆ ಅಂಟಿಸಬೇಕು. ಈ ಕ್ರಮ ಇರುವುದು ಎಣಿಸುವವರ ಮಾನ ಕಾಯಲಿಕ್ಕೆ. ಹೀಗೆಯೇ ವಿವರಿಸಿದರೆ ಹಿರಿಯರು ಬೇಸರಪಡುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ, ಹಬ್ಬಕ್ಕೆ ಹಣ ಕಳುಹಿಸುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕಿನ ಮೂಲಕ ತಮ್ಮ ಸ್ವಂತ ಉಳಿತಾಯದಿಂದ ಕಳುಹಿಸಿದ್ದು ವಿದೇಶಿ ವಂತಿಗೆ ಆಗುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ನೋಂದಣಿ ಇಲ್ಲದ ಖಾತೆಗೆ ಅದನ್ನು ಹಾಕಿಸಿಕೊಳ್ಳುವಂತಿಲ್ಲ. ನಿಮ್ಮಂಥ ತಿಳಿದವರೊಬ್ಬರು ಇದನ್ನು ಮೊದಲೇ ಹೇಳಿದರೆ ಗುರುಗಳಿಗೆ ದೊಡ್ಡ ತಲೆನೋವು ತಪ್ಪುತ್ತದೆ.

ಉತ್ತರ: ಭದ್ರಾವತಿಯಿಂದ

ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಅಕ್ಕ ಕ್ಷಮೆ ಕೇಳಲಿ, ಕಲಿಯಲಿ, ಎಲ್ಲ ಸರಿ. ಆದರೆ ಬೀಗದ ಕೈ ಒಬ್ಬರ ಬಳಿ ಮಾತ್ರ ಇರುವುದು ಸರಿಯೇ? ನಮ್ಮಲ್ಲಿ ಪವಿತ್ರ ಗುರುವಾರದ ಸಂಜೆ, ಪಾದ ತೊಳೆಯುವ ವಿಧಿಗೆ ಅರ್ಧ ಗಂಟೆ ಮುಂಚೆ, ಬೀಗದ ಕೈ ಇಟ್ಟುಕೊಂಡಿದ್ದ ಹಿರಿಯರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಆ ಮನೆಯವರ ಬಳಿ ಹೋಗಿ ಬೀಗದ ಕೈ ಕೇಳಲು ಯಾರಿಗೂ ಮನಸ್ಸಾಗದೆ ಬೀಗ ಒಡೆದೆವು. ಗುಣವಾಗಿ ಬಂದ ಮೇಲೆ ಅವರೇ ಕಣ್ಣೀರು ಹಾಕಿ, "ಇನ್ನೊಬ್ಬರಿಗೆ ಕಲಿಸಬೇಕಿತ್ತು" ಎಂದರು.

ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆಗೆ ಅವನ ಮಾವ ಹೇಳುವುದೂ ಇದನ್ನೇ ಅಲ್ಲವೇ: ಈ ಕೆಲಸ ನಿನಗೆ ಬಹಳ ಭಾರ, ಒಬ್ಬನೇ ಮಾಡಲಾರೆ, ನೀನೂ ದಣಿಯುವೆ, ನಿನ್ನ ಜನರೂ ದಣಿಯುವರು. ಆದ್ದರಿಂದ ಅಕ್ಕನ ಪಟ್ಟಿಯನ್ನು ಹರಿದು ಹಾಕುವುದು ಬೇಡ. ಅದನ್ನು ಬಾಯಮ್ಮನವರ ಮುಂದೆ ಇಟ್ಟು, ಅವರು ಹೇಳಿದ ಹಾಗೆ ತಿದ್ದಿ, ಮುಂದೆ ಗುರುಗಳ ಸಹಿಯೊಂದಿಗೆ ಹಾಕಲಿ. ಬೀಗದ ಎರಡನೆಯ ಕೈಯನ್ನೂ ಮಾಡಿಸಲಿ, ಆದರೆ ಅದು ಯಾರ ಬಳಿ ಇರಬೇಕೆಂಬುದನ್ನು ಬಾಯಮ್ಮನವರೇ ಹೇಳಲಿ.

ಉತ್ತರ: ಸಾಗರದ ಮೇಷ್ಟ್ರು

ಮುಂದೆ ನಿಮ್ಮನ್ನು ಧರ್ಮೋಪದೇಶಕ್ಕೂ (ಮಕ್ಕಳಿಗೆ ಧರ್ಮ ಕಲಿಸಲು) ಕರೆಯಬಹುದು, ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರು ಧರ್ಮೋಪದೇಶಕರ ಕೆಲಸವನ್ನು ಧರ್ಮಸಭೆಯ ವಿಧ್ಯುಕ್ತ ಸೇವೆಯಾಗಿ ಸ್ಥಾಪಿಸಿದರು. ಅದೇ ವರ್ಷದ ಜನವರಿಯಲ್ಲಿ ವಾಚಕರ ಮತ್ತು ಪೀಠಸೇವಕರ ವಿಧ್ಯುಕ್ತ ಸೇವೆಗಳನ್ನು ಮಹಿಳೆಯರಿಗೂ ತೆರೆದರು. ಅಷ್ಟು ಘನವಾದ ಕೆಲಸವನ್ನು ನಮ್ಮಲ್ಲಿ "ಯಾರಾದರೂ ಒಬ್ಬರು ಮಕ್ಕಳನ್ನು ನೋಡಿಕೊಳ್ಳಿ" ಎಂದು ಒಪ್ಪಿಸಿಬಿಡುವುದು ನನಗೆ ನೋವಿನ ಸಂಗತಿ. ಮನೆಯಲ್ಲಿ ಕೊಂಕಣಿಯಲ್ಲಿ ಜಪ ಹೇಳುವ ಮಗು, ತಮಿಳಿನಲ್ಲಿ ಹೇಳುವ ಮಗು, ಕನ್ನಡದಲ್ಲಿ ಹೇಳುವ ಮಗು ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ, ಅವರಿಗೆಲ್ಲ ತಲುಪುವಂತೆ ಕಲಿಸಲು ತಯಾರಿ ಬೇಕು.

ಮಕ್ಕಳೊಂದಿಗೆ ಕೆಲಸ ಮಾಡುವವರು ಒಂದು ನಿಯಮವನ್ನು ಎಂದೂ ಮುರಿಯಬಾರದು. ಬಾಗಿಲು ತೆರೆದಿರಲಿ, ಇಬ್ಬರು ದೊಡ್ಡವರು ಇರಲಿ, ಒಂಟಿ ಮಗುವನ್ನು ಬೈಕಿನಲ್ಲಿ ಮನೆಗೆ ಬಿಡುವುದೂ ಬೇಡ. 2012ರ ಪೋಕ್ಸೋ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಚರ್ಚಿನ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡಲು ಯಾರಿಗೂ ಅಧಿಕಾರವಿಲ್ಲ. ಮಕ್ಕಳ ಸಹಾಯವಾಣಿ 1098 ಅನ್ನು ತರಗತಿಯ ಗೋಡೆಯ ಮೇಲೆ ಮಕ್ಕಳಿಗೆ ಕಾಣುವ ಎತ್ತರದಲ್ಲಿ ಬರೆಸಿ.

ಉತ್ತರ: ಒಬ್ಬ ದಾದಿ

ನಿಮ್ಮ ವಿದ್ಯೆಗೆ ಚರ್ಚಿನ ಹೊರಗೂ ಕೆಲಸವಿದೆ. ಹಳ್ಳಿಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವ ವಯಸ್ಸಾದವರು ಯಾವ ಕಾಗದ ತರಬೇಕೆಂದು ತಿಳಿಯದೆ ಒದ್ದಾಡುವುದನ್ನು ನಾನು ಪ್ರತಿ ವಾರ ನೋಡುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ನಿಮ್ಮ ಸುತ್ತಲಿನ ಹಿರಿಯರ ಮನೆಗಳಿಗೆ ಹೋಗಿ ನೋಡಿ, ಕಾರ್ಡ್ ಮಾಡಿಸಿಕೊಡಿ. ಅವರು ಯಾವ ಧರ್ಮದವರೆಂದು ನೋಡಬೇಡಿ. ಕಾಯಿಲೆ ಬಿದ್ದ ಮೇಲೆ ಇದನ್ನೆಲ್ಲ ಮಾಡಿಸುವುದು ಬಹಳ ಕಷ್ಟ.

ಮರುಉತ್ತರ: ತುಂಗಾತೀರದವಳು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ಸಂಜೆ ಬಾಯಮ್ಮನವರ ಮನೆಗೆ ಹೋಗಿದ್ದೆ. ಜಗುಲಿಯ ಮೇಲೆ ಕುಳಿತು, ಮೊಂತಿ ಹಬ್ಬದ ಒಂಬತ್ತು ದಿನದ ಪ್ರಾರ್ಥನೆಗೆ ಯಾವ ಮನೆಯ ಮಗು ಯಾವ ದಿನ ಡೇರೆ ಹೂ ತರಬೇಕೆಂದು ಬೆರಳು ಮಡಚಿ ಎಣಿಸುತ್ತಿದ್ದರು. ಕೆಲಸ ಬಿಟ್ಟಿದ್ದರೂ ಆ ಲೆಕ್ಕವನ್ನು ಅವರು ಬಿಟ್ಟಿರಲಿಲ್ಲ. ಬೀಗದ ಕೈ ಕೊಟ್ಟು ತಪ್ಪಾಯಿತೆಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗಿನಿಂದ ಒಂದು ಕಾರ್ಪೊರಲ್ ತಂದು ನನ್ನ ಮುಂದೆ ಹಾಸಿದರು. ಮೂರು ಸಲ ಮಡಚಿದೆ, ಮೂರು ಸಲವೂ ಅಂಚು ಸರಿ ಕೂಡಲಿಲ್ಲ. ಮತ್ತೆ ಬಿಡಿಸಿ ಕೈಗೆ ಕೊಟ್ಟರು.

ಹೊಸ ತೆನೆಯ ವಿಷಯವನ್ನೂ ಹೇಳಿದರು. ನಮ್ಮ ಗದ್ದೆಗಳಲ್ಲಿ ನಾಟಿ ತಡವಾಗುವುದರಿಂದ ಸೆಪ್ಟೆಂಬರ್ 8ಕ್ಕೆ ತೆನೆ ಬಂದಿರುವುದಿಲ್ಲವಂತೆ, ಅದನ್ನು ಘಟ್ಟದ ಕೆಳಗಿನಿಂದ ತರಿಸಲು ಬಸ್ಸಿನವರಿಗೆ ಹೇಳಿಡಬೇಕಂತೆ. ಈ ವರ್ಷ ಆ ಕೆಲಸ ನನ್ನದು. ಸರದಿ ಪಟ್ಟಿಯಲ್ಲಿ ಅವರು ತಿದ್ದಿದ್ದು ಹದಿನೇಳು ಹೆಸರು. ಕಾಣಿಕೆ ಎಣಿಸುವ ಪುಸ್ತಕದ ಬಗ್ಗೆ ಕ್ರಿಸ್ಮಸ್ ನಂತರ ಗುರುಗಳಲ್ಲಿ ಮಾತಾಡುತ್ತೇನೆ, ಕಾರ್ಡಿನ ಕೆಲಸವನ್ನು ಈ ವಾರವೇ ಪಕ್ಕದ ಮನೆಯಿಂದ ಶುರು ಮಾಡುತ್ತೇನೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ಬರಲು ಹೇಳಿದ್ದಾರೆ. ಹೊರಡುವಾಗ ಬೆಂಕಿಪೊಟ್ಟಣ ಎಲ್ಲಿದೆ ಎಂದು ಕೇಳಿದೆ. ಥಂಡಿ ಹಿಡಿಯದಿರಲೆಂದು ಕಪಾಟಿನ ಕೆಳಗಿನ ಖಾನೆಯಲ್ಲಿ, ಅಕ್ಕಿ ಹಾಕಿದ ಡಬ್ಬಿಯೊಳಗೆ ಇಟ್ಟಿದ್ದಾರಂತೆ.